ರೇಷ್ಮೆ ಗುಂಪಿನಿಂದ ತೆಗೆದ ಹೆಸರು

ಏಪ್ರಿಲ್ ೧೬, ಗುರುವಾರ

ರೇಷ್ಮೆ ಗುಂಪಿನ ಪಾಸ್‌ವರ್ಡನ್ನು ಇವತ್ತು ಕಿತ್ತುಹಾಕಿದೆ. ಹಲ್ಲುನೋವು ಹೋದಷ್ಟು ಹಾಯೆನಿಸಿತು.

ಸುತ್ತೋಲೆಯಲ್ಲಿ ಬರೆದು ಬರೆದು ನನಗೇ ಸಾಕಾಗಿತ್ತು. ಇಡೀ ಕಾಲೇಜಿಗೆ ದೊಡ್ಡ ಕಂಪ್ಯೂಟರ್ ಒಂದೇ, ನೋಡಿಕೊಳ್ಳುವವನು ನಾನೊಬ್ಬನೇ, ಬಳಸುವವರು ಬೇಕಾದಷ್ಟು. ಅದಕ್ಕೇ ಗುಂಪುಗಳು. ರೇಷ್ಮೆ ವಿಭಾಗದ ಕಡತಗಳನ್ನು ರೇಷ್ಮೆಯವರು ಮುಟ್ಟಬೇಕು, ಮಣ್ಣಿನ ವಿಭಾಗದ್ದನ್ನು ಮಣ್ಣಿನವರು. ಗುಂಪಿನಲ್ಲಿ ಹೆಸರಿದ್ದವನಿಗೆ ಬೇರೇನೂ ಬೇಡ. ಆದರೆ ಗುಂಪಿಗೇ ಒಂದು ಪಾಸ್‌ವರ್ಡ್ ಇಟ್ಟುಬಿಟ್ಟರೆ ಹೆಸರಿಲ್ಲದವನೂ ಆ ಪದವೊಂದನ್ನು ಟೈಪ್ ಮಾಡಿ ಒಳಗೆ ಬಂದು ಕೂರಬಹುದು. ಹತ್ತು ಜನರ ಬಾಯಲ್ಲಿರುವುದು ಗುಟ್ಟು ಹೇಗಾದೀತು? ರೇಷ್ಮೆಯವರಂತೂ ಅದನ್ನು ಸೊಪ್ಪು ಹಾಕುವ ಪಾಳಿಪಟ್ಟಿಯ ಕೆಳಗೆ, ಕರಿಹಲಗೆಯ ಮೇಲೆ, ದೊಡ್ಡ ಅಕ್ಷರದಲ್ಲಿ ಬರೆದಿಟ್ಟಿದ್ದರು. ನಾನೇ ಹೋಗಿ ಬಟ್ಟೆ ತೆಗೆದುಕೊಂಡು ಒರೆಸಿದೆ.

ಅಲ್ಲಿನ ಸಹಾಯಕ ಸಂಶೋಧಕಿ ನಗುಮೊ ಹಿಪ್ಪುನೇರಳೆ ಸೊಪ್ಪು ಕೊಡವುತ್ತಾ ನೋಡುತ್ತಿದ್ದರು. ನಾನು ಈ ಕೆಲಸಕ್ಕೆ ಸೇರುವ ಮೊದಲಿನಿಂದಲೂ ಆ ಕೋಣೆಯಲ್ಲಿ ಇರುವವರು.

"ಉತ್ಸುಮಿ-ಸಾನ್, ನಮ್ಮ ಹುಳನ ಯಾರು ಕದ್ದುಕೊಂಡು ಹೋಗ್ತಾರೆ ಅಂತ ಇಷ್ಟೊಂದು ಬೀಗ?"

"ಹುಳ ಅಲ್ಲ, ಕಡತ. ನಿಮ್ಮ ಹೆಸರು ಗುಂಪಿನಲ್ಲಿ ಇದ್ದೇ ಇದೆ. ನಿಮಗೇನೂ ತೊಂದರೆ ಇಲ್ಲ."

"ಇರದೆ ಎಲ್ಲಿ ಹೋಗುತ್ತೆ. ಆ ಕಡತಕ್ಕೆ ಹಾಲು ಕುಡಿಸಿದವಳೇ ನಾನು."

ಕಡತವೆಂದರೆ ಅವರ ತಳಿ ಕೈಪಿಡಿ. ಈ ಸೀಮೆಯ ಹಳೆಯ ರೇಷ್ಮೆ ತಳಿಗಳೆಲ್ಲ ಅದರಲ್ಲಿವೆ. ಯಾವ ತಳಿಯನ್ನು ಯಾವ ಹಳ್ಳಿಯ ಯಾವ ಮನೆಯವರು ಉಳಿಸಿ ಕೊಟ್ಟರು ಎಂಬುದನ್ನು ಒಂದೊಂದರ ಕೆಳಗೂ ಸೇರಿಸುತ್ತಿದ್ದಾರೆ. ಶರತ್ಕಾಲದಲ್ಲಿ ಅಚ್ಚಿಗೆ ಹೋಗಬೇಕಂತೆ. ಎಂದಿನಂತೆ ಟರ್ಮಿನಲ್‌ನಿಂದ ಲಾಗೌಟ್ ಆಗದೆ, "ಬಳಕೆಯಲ್ಲಿದೆ, ಮುಟ್ಟಬೇಡಿ" ಎಂಬ ಚೀಟಿ ಅಂಟಿಸಿ ಹುಳದ ಕೋಣೆಗೆ ಹೋದರು. ಎಂದಿನಂತೆ ನಾನೂ ಬೈದೆ. ಹುಳಕ್ಕೆ ರೋಗ ತಗಲದಿರಲೆಂದು ಕೈಗೆ ಔಷಧಿ ನೀರು ಹಚ್ಚಿಕೊಂಡು ಹತ್ತು ಸಲ ಲಾಗಿನ್ ಮಾಡುವುದು ಯಾರಿಗೆ ಬೇಕು ಅಂತ ಎಂದಿನಂತೆ ಅವರ ಉತ್ತರ.

ಜೂನ್ ೨, ಮಂಗಳವಾರ

ರೇಷ್ಮೆ ವಿಭಾಗಕ್ಕೆ ಈ ವರ್ಷ ಬಂದ ಹೊಸ ಪ್ರಾಧ್ಯಾಪಕ ಸಕಾಕಿ ಮಧ್ಯಾಹ್ನ ನನ್ನ ಕೋಣೆಗೆ ಬಂದರು. ಮಿತಭಾಷಿ, ಸಭ್ಯ. ಬಾಗಿ ನಮಸ್ಕರಿಸಿ, ಮುದ್ರೆ ಒತ್ತಿದ ಕಾಗದವನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದರು.

"ನಗುಮೊ ಅವರನ್ನ ಪ್ರದರ್ಶನಾಲಯಕ್ಕೆ ವರ್ಗ ಮಾಡಿದೆ. ರೇಷ್ಮೆ ಗುಂಪಿಂದ ಅವರ ಹೆಸರು ತೆಗೀಬೇಕಿತ್ತು."

"ಇವತ್ತೇನಾ, ಸೆನ್ಸೇ?"

"ನಿಮಗೆ ಬಿಡುವಾದಾಗ."

ಅಂದರೆ ಇವತ್ತೇ. ಹೆಸರು ತೆಗೆಯುವುದನ್ನು ನಗುಮೊ ಅವರಿಗೆ ತಿಳಿಸಿದ್ದೀರಾ ಎಂದು ಕೇಳುವ ಮಾತು ನಾಲಗೆ ತುದಿಗೆ ಬಂದಿತ್ತು. ಪ್ರಾಧ್ಯಾಪಕರನ್ನು ಹಾಗೆ ಕೇಳುವುದು ಚೆನ್ನಾಗಿರುವುದಿಲ್ಲ. ತಿಳಿಸಿಯೇ ಇರುತ್ತಾರೆ. ಕೈಪಿಡಿಯಲ್ಲಿ ಮನೆಗಳ ಹೆಸರು ಬೇಡ, ತಳಿಯ ಸಂಖ್ಯೆ ಸಾಕು ಎಂದು ಸಕಾಕಿಯೂ, ಹಳೆಯ ಪ್ರಾಧ್ಯಾಪಕರು ಒಪ್ಪಿದ್ದರು ಎಂದು ನಗುಮೊ ಅವರೂ ಜಗ್ಗಾಡಿದ ಸುದ್ದಿ ಕಾಲೇಜಿನ ಊಟದ ಮನೆಯಲ್ಲಿ ಎಲ್ಲರಿಗೂ ಗೊತ್ತು.

ಹೆಸರು ತೆಗೆದೆ. ಒಂದು ಸಾಲಿನಲ್ಲಿ ಒಂದು ಪದ, ಒಂದು ಅಲ್ಪವಿರಾಮ. ಅಷ್ಟೇ ಕೆಲಸ.

ಜೂನ್ ೩, ಬುಧವಾರ

ಬೆಳಿಗ್ಗೆ ಬಂದು, ಕಂಪ್ಯೂಟರಿನಲ್ಲಿ ಯಾರು ಯಾರು ಇದ್ದಾರೆಂದು ನೋಡಿದೆ. ನಗುಮೊ ಅವರ ಹೆಸರು ಮೇಲ್ಗಡೆಯೇ ಇತ್ತು. ಮೇ ತಿಂಗಳಲ್ಲಿ ಲಾಗಿನ್ ಆದವರು ಹೊರಗೆ ಬಂದೇ ಇಲ್ಲ.

ಯಂತ್ರದ ಸ್ವಭಾವ ಹಾಗೆ. ಯಾರು ಯಾವ ಗುಂಪಿನವರೆಂದು ಅದು ನೋಡುವುದು ಬಾಗಿಲಲ್ಲಿ ಮಾತ್ರ. ಕಾಸು ಕೊಟ್ಟು ಹೋಗುವ ಊರ ಸ್ನಾನದ ಮನೆಯಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದವರನ್ನು ಮತ್ತೆ ಯಾರೂ ಚೀಟಿ ಕೇಳುವುದಿಲ್ಲವಲ್ಲ, ಹಾಗೆ. ಪಟ್ಟಿಯಿಂದ ಹೆಸರು ಹೋದರೂ ಲಾಗೌಟ್ ಆಗುವ ತನಕ ಅವರು ರೇಷ್ಮೆ ಗುಂಪಿನವರೇ. ಒಮ್ಮೆ ಹೊರಗೆ ಬಂದರೋ, ಮುಗಿಯಿತು.

ನಿಯಮದ ಪ್ರಕಾರ ನಾನೇ ಅವರನ್ನು ಹೊರಗೆ ಹಾಕಬೇಕು. ಒಂದು ಗುಂಡಿ ಒತ್ತಿದರೆ ಆಯಿತು. ಕೈ ಹೋಗಲಿಲ್ಲ. ಆಮೇಲೆ ಹೊಳೆಯಿತು: ಆ ಹೆಂಗಸು ಜಾಣೆ. ವರ್ಗದ ಸುದ್ದಿ ಗೊತ್ತಾದ ಮೇಲೆ ಬೇಕೆಂದೇ ಒಳಗೆ ಗಟ್ಟಿಯಾಗಿ ಕೂತಿದ್ದಾರೆ. ಕೂರಲಿ. ನಾನು ನೋಡಿಲ್ಲ.

ಜೂನ್ ೧೯, ಶುಕ್ರವಾರ

ಊಟದ ಮನೆಯಲ್ಲಿ ನಗುಮೊ ನನ್ನ ಎದುರು ಬಂದು ಕೂತರು. ಡಬ್ಬಿಯಲ್ಲಿ ಸೋಯಾದಲ್ಲಿ ಬೇಯಿಸಿದ ರೇಷ್ಮೆ ಹುಳ. ನಾನು ಅದನ್ನು ತಿನ್ನುವುದಿಲ್ಲವೆಂದು ಗೊತ್ತಿದ್ದೇ ನನ್ನ ಅನ್ನದ ಮೇಲೆ ಒಂದು ಇಟ್ಟರು.

"ಪ್ರದರ್ಶನಾಲಯ ಹೇಗಿದೆ?" ಅಂದೆ.

"ಸತ್ತ ಹುಳಗಳ ಧೂಳು ಒರೆಸೋದು. ಮಧ್ಯಾಹ್ನಕ್ಕೆ ಮುಗಿಯುತ್ತೆ. ಆಮೇಲೆ ನನ್ನ ಹಳೇ ಮೇಜಿಗೆ ಬಂದು ಹೆಸರು ಟೈಪ್ ಮಾಡ್ತೀನಿ. ಮೇಜು ಖಾಲಿ ಮಾಡೋಕೆ ಬೇಸಿಗೆ ಮುಗಿಯೋವರೆಗೆ ಟೈಮ್ ಕೊಟ್ಟಿದ್ದಾರೆ."

"ಬೇಗ ಮುಗಿಸಿದ್ರೆ ಒಳ್ಳೇದು."

"ಅಚ್ಚಿಗೆ ಹೋಗೋದು ಸೆಪ್ಟೆಂಬರ್‌ನಲ್ಲಿ. ಈಗಿಂದ್ಲೇ ಓಡೋಕೆ ನಾನೇನು ಕುದುರೇನಾ." ಇನ್ನೊಂದು ಹುಳ ಬಾಯಿಗೆ ಹಾಕಿಕೊಂಡು, "ಕೊಸುಗೆ ಮನೆ ತೊಮಿ ಅಜ್ಜಿ ಗೊತ್ತಲ್ಲ? ಯುದ್ಧದ ಕಾಲದಲ್ಲಿ ಹಿಪ್ಪುನೇರಳೆ ಕಿತ್ತು ಗೆಣಸು ಹಾಕಿ ಅಂತ ಆಜ್ಞೆ ಬಂತು. ಆ ಯಮ್ಮ ಬಾವಿ ಹಿಂದೆ ನಾಲ್ಕು ಗಿಡ ಬಚ್ಚಿಟ್ಟು ಹಳದಿ ಗೂಡಿನ ತಳಿ ಉಳಿಸಿದ್ರು. ಹುಳದ ಮೊಟ್ಟೆ ಇರೋ ಹಾಳೆ ನನ್ನ ಕೈಗೆ ಕೊಡುವಾಗ, ಪುಸ್ತಕದಲ್ಲಿ ನನ್ನ ಹೆಸರು ಬರುತ್ತಾ ಅಂತ ಕೇಳಿದ್ರು. ಬರುತ್ತೆ ಅಂದಿದ್ದೀನಿ."

ಏಳುವಾಗ ನನ್ನನ್ನೇ ನೋಡಿ ನಕ್ಕರು. "ಈಗೀಗ ಲಾಗೌಟ್ ಆಗಿಲ್ಲ ಅಂತ ನೀವು ಬೈಯೋದೇ ಇಲ್ಲ. ಹುಷಾರಾಗಿದ್ದೀರಿ ತಾನೆ?"

ಎಂಥ ಎದೆಗಾರಿಕೆ. ನಾನೂ ನಕ್ಕೆ. ನನಗೆ ಗೊತ್ತು ಎಂಬುದು ಅವರಿಗೆ ಗೊತ್ತು. ತಿಳಿದವರ ನಡುವೆ ಬಾಯಿಬಿಟ್ಟು ಹೇಳುವುದೇನಿರುತ್ತದೆ. ಇಷ್ಟು ವರ್ಷದ ಕೆಲಸದಲ್ಲಿ ಇಂಥ ಸಲಿಗೆ ನನಗೆ ಯಾರೊಂದಿಗೂ ಇರಲಿಲ್ಲ.

ಜುಲೈ ೭, ಮಂಗಳವಾರ

ಬೇಡಿಕೆ ಬರೆದ ಬಣ್ಣದ ಚೀಟಿಯನ್ನು ಬಿದಿರಿಗೆ ಕಟ್ಟುವ ಹಬ್ಬದ ದಿನ. ಹೆಂಡತಿ ಫುಸಾ ನನ್ನ ಕೈಗೂ ಒಂದು ಚೀಟಿ ಕೊಟ್ಟು ಏನಾದರೂ ಬೇಡಿಕೊಳ್ಳಿ ಅಂದಳು. ಕರೆಂಟ್ ಹೋಗದಿರಲಿ ಎಂದು ಬರೆದೆ. ಅವಳಿಗೆ ಅರ್ಥವಾಗದೆ ಮುಖ ನೋಡಿದಳು. ಯಂತ್ರ ನಿಂತರೆ ನಗುಮೊ ಹೊರಗೆ ಬೀಳುತ್ತಾರೆಂದು ಅವರ ವಿಷಯವನ್ನೆಲ್ಲ ಹೇಳಿದೆ.

"ಆಕೆಗೆ ಗೊತ್ತಾ, ರೀ?"

"ಗೊತ್ತಿರುತ್ತೆ."

"ಹೇಳಿದ್ರಾ?"

"ಇದನ್ನೆಲ್ಲ ಹೇಳಬೇಕಾಗಿಲ್ಲ ಕಣೆ."

"ನೀವು ನನ್ನ ಮದುವೆಗೆ ಕೇಳಿದ್ದೂ ಹೀಗೇ. ನಮ್ಮಪ್ಪ ಬಂದು ಹೇಳೋವರೆಗೆ, ನಮ್ಮ ಅಂಗಡಿಗೆ ಸಾಮಾನು ತಗೊಳೋಕೆ ಬರ್ತಿದ್ದೀರಿ ಅಂದ್ಕೊಂಡಿದ್ದೆ."

ಹೆಂಗಸರಿಗೆ ಎಲ್ಲವನ್ನೂ ಡಂಗುರ ಹೊಡೆದು ಹೇಳಬೇಕು.

ಆಗಸ್ಟ್ ೭, ಶುಕ್ರವಾರ

ಭಾನುವಾರ ವರ್ಷಕ್ಕೊಮ್ಮೆಯ ವಿದ್ಯುತ್ ತಪಾಸಣೆ. ಇಡೀ ಕಾಲೇಜಿಗೆ ಕರೆಂಟ್ ಇರುವುದಿಲ್ಲ, ಕಂಪ್ಯೂಟರನ್ನು ನಾನೇ ಆರಿಸಬೇಕು. ಆರಿಸಿದರೆ ಒಳಗಿರುವವರೆಲ್ಲ ಹೊರಗೆ.

ನಗುಮೊ ಮುಗಿಸಿದರೋ ಇಲ್ಲವೋ ನೋಡೋಣವೆಂದು ರೇಷ್ಮೆ ಕಟ್ಟಡದ ಕಡೆ ನಡೆದೆ. ಅಂಗಳದಲ್ಲಿ ಸ್ಕೂಟರಿಗೆ ಬುಟ್ಟಿ ಕಟ್ಟುತ್ತಿದ್ದರು. ಕಿಟಕಿಯ ಒಳಗೆ ಸಕಾಕಿ ನಿಂತಿದ್ದರು.

"ಭಾನುವಾರ ಕರೆಂಟ್ ಹೋಗುತ್ತೆ," ಅಂದೆ. ಸ್ವಲ್ಪ ಒತ್ತಿಯೇ ಅಂದೆ.

"ಗೊತ್ತು. ಹುಳದ ಕೋಣೆಗೆ ಜನರೇಟರ್ ತರಿಸಿದ್ದಾರೆ."

"ಕಂಪ್ಯೂಟರ್ ಕೂಡ ನಿಲ್ಲುತ್ತೆ."

"ಅದೇನು ಹುಳ ಅಲ್ಲವಲ್ಲ, ಸಾಯೋಕೆ. ನಾಳೆ ನಾಡಿದ್ದು ಮೇಲಿನ ಹಳ್ಳಿಗಳಿಗೆ ಹೋಗಿ ಉಳಿದ ಮನೆಗಳ ಹೆಸರು ಕೇಳ್ಕೊಂಡು ಬರ್ತೀನಿ. ಸೋಮವಾರ ಕೂತು ಎಲ್ಲ ಒಟ್ಟಿಗೆ ಹೊಡೆದುಹಾಕ್ತೀನಿ. ತೊಮಿ ಅಜ್ಜೀದೂ ಸೇರಿಸಬೇಕು, ಆ ಪುಟ ಇನ್ನೂ ಮುಟ್ಟೇ ಇಲ್ಲ."

ಹಾಗಾದರೆ ಇನ್ನೂ ಮುಗಿದಿಲ್ಲವೇ ಎಂದುಕೊಂಡೆ. ಆಮೇಲೆ ಕಿಟಕಿಯಲ್ಲಿದ್ದ ಸಕಾಕಿಯವರನ್ನು ನೋಡಿ ಅರ್ಥವಾಯಿತು, ಅವರ ಕಿವಿಗೆ ಬೀಳಲೆಂದೇ ಹಾಗೆ ಹೇಳಿದ್ದು. ಹೆಸರುಗಳೆಲ್ಲ ಆಗಲೇ ಒಳಗೆ ಸೇರಿರುತ್ತವೆ. ನಾನು ತಲೆ ಆಡಿಸಿದೆ. ಅವರೂ ಆಡಿಸಿದರು.

ಕಡತವನ್ನು ತೆರೆದು ನೋಡಬಹುದಿತ್ತು. ನನಗೆ ತೆರೆಯದ ಕಡತ ಯಾವುದೂ ಇಲ್ಲ. ಆದರೆ ಇನ್ನೊಬ್ಬರದನ್ನು ಇಣುಕುವುದು ನನ್ನ ಜಾಯಮಾನವಲ್ಲ.

ಆಗಸ್ಟ್ ೯, ಭಾನುವಾರ

ಆರಿಸಿದೆ. ಒಳಗಿದ್ದದ್ದು ನಗುಮೊ ಒಬ್ಬರೇ. ಫ್ಯಾನುಗಳು ನಿಂತ ಮೇಲೆ ಹೊರಗಿನ ಜೀರುಂಡೆಗಳ ಸದ್ದು ಕೇಳಿಸಿತು. ಸಂಜೆ ಮತ್ತೆ ಹಚ್ಚಿದೆ. ಎಲ್ಲ ಸರಿಯಾಗಿ ಎದ್ದಿತು.

ಆಗಸ್ಟ್ ೧೦, ಸೋಮವಾರ

ಬೆಳಿಗ್ಗೆ ಬಂದು ಟೀ ಕುಡಿಯುವಷ್ಟರಲ್ಲಿ ನಗುಮೊ ಅವರ ಫೋನು.

"ಉತ್ಸುಮಿ-ಸಾನ್, ನಿಮ್ಮ ಯಂತ್ರಕ್ಕೆ ನಿನ್ನೆ ಏನೋ ಆಗಿದೆ. ರೇಷ್ಮೆ ಕಡತದ ಒಳಗೆ ಬಿಡ್ತಿಲ್ಲ. ಅನುಮತಿ ಇಲ್ಲ ಅನ್ನುತ್ತೆ."

ಸುಮ್ಮನಿದ್ದರೆ ತಿಳಿದುಕೊಳ್ಳುತ್ತಾರೆ ಎಂದು ಸುಮ್ಮನಿದ್ದೆ.

"ಕೇಳಿಸ್ತಿದೆಯಾ?"

"ನೀವು ಗುಂಪಿನಲ್ಲಿ ಇಲ್ಲ," ಅಂದೆ.

"ಯಾವಾಗಿಂದ?"

"ಜೂನ್‌ನಿಂದ. ಸಕಾಕಿ ಸೆನ್ಸೇ ಕಾಗದ ಕೊಟ್ಟಿದ್ರು."

"ಜೂನ್‌ನಿಂದ ನಾನು ದಿನಾ ಟೈಪ್ ಮಾಡ್ತಿದ್ದೀನಲ್ಲ."

ಬಾಗಿಲಲ್ಲಿ ಮಾತ್ರ ನೋಡುತ್ತದೆ, ಒಳಗಿದ್ದವರನ್ನು ಕೇಳುವುದಿಲ್ಲ ಎಂದು ವಿವರಿಸಿದೆ. ಸುತ್ತೋಲೆಯ ಭಾಷೆಯಲ್ಲೇ ವಿವರಿಸಿದೆ, ಬೇರೆ ಭಾಷೆ ಬರಲಿಲ್ಲ.

"ಅಂದ್ರೆ ನಿಮಗೆ ಗೊತ್ತಿತ್ತು. ಊಟಕ್ಕೆ ಕೂತಾಗ ಗೊತ್ತಿತ್ತು. ಶುಕ್ರವಾರ ಅಂಗಳದಲ್ಲಿ ನಿಂತಾಗ್ಲೂ ಗೊತ್ತಿತ್ತು."

"ನಿಮಗೂ ಗೊತ್ತಿದೆ ಅಂದುಕೊಂಡಿದ್ದೆ."

"ನನಗೆ ಯಾರು ಹೇಳಿದ್ರು?"

ಫೋನು ಇಟ್ಟರು. ಮೆತ್ತಗೆ ಇಟ್ಟರು.

ಕಡತ ತೆರೆದು ನೋಡಿದೆ, ಈಗ. ಅರ್ಧಕ್ಕಿಂತ ಸ್ವಲ್ಪ ಮುಂದೆ ಹೆಸರುಗಳು ನಿಂತಿವೆ. ಹಳದಿ ಗೂಡಿನ ತಳಿಯ ಕೆಳಗೆ ಬರೀ ಖಾಲಿ ಜಾಗ. ಆಕೆ ಲಾಗೌಟ್ ಆಗದೆ ಇದ್ದದ್ದು ಬರೀ ಅಭ್ಯಾಸಬಲದಿಂದ. ಎರಡು ತಿಂಗಳು ನಾನೊಬ್ಬನೇ ಇಬ್ಬರ ಪರವಾಗಿ ನಕ್ಕುಕೊಂಡು ಓಡಾಡಿದ್ದೇನೆ. ನಾಚಿಕೆಯಾಗುತ್ತದೆ.

ಆಗಸ್ಟ್ ೧೧, ಮಂಗಳವಾರ

ಬರೆಯುವ ಮನಸ್ಸಿಲ್ಲ.

ಆಗಸ್ಟ್ ೧೨, ಬುಧವಾರ

ರೇಷ್ಮೆ ಗುಂಪಿಗೆ ಮತ್ತೆ ಪಾಸ್‌ವರ್ಡ್ ಇಟ್ಟೆ. ಕಾಗದವಿಲ್ಲ, ಮುದ್ರೆಯಿಲ್ಲ, ಯಾರನ್ನೂ ಕೇಳಿಲ್ಲ. ನಗುಮೊ ತಮ್ಮ ಹೆಸರಿನಲ್ಲೇ ಲಾಗಿನ್ ಆಗಿ, ಗುಂಪಿಗೆ ಸೇರಿಸು ಎಂಬ ಆಜ್ಞೆ ಕೊಟ್ಟು ಆ ಪದ ಹೊಡೆದರೆ ಸಾಕು, ಕಡತ ತೆರೆಯುತ್ತದೆ. ಮೂರು ದಿನ ಕೂತರೆ ಉಳಿದ ಹೆಸರುಗಳು ಮುಗಿಯುತ್ತವೆ. ಗೊತ್ತಾದರೆ ನನ್ನ ಕೆಲಸಕ್ಕೇ ಕುತ್ತು. ಆಗಲಿ.

ನಾಳೆಯಿಂದ ಹಿರಿಯರ ಹಬ್ಬದ ರಜೆ. ನಗುಮೊ ತವರೂರಿಗೆ ಹೋಗಿದ್ದಾರಂತೆ. ಸತ್ತವರಿಗೆ ದೀಪ ಹಚ್ಚುವ ಹೊತ್ತಿನಲ್ಲಿ ಆಫೀಸಿನ ವಿಷಯಕ್ಕೆ ಫೋನು ಮಾಡುವುದು ಸರಿಯಲ್ಲ. ರಜೆ ಮುಗಿಯಲಿ, ಎದುರಾ ಎದುರೇ ಹೇಳುತ್ತೇನೆ. ಅಚ್ಚಿಗೆ ಸೆಪ್ಟೆಂಬರ್‌ವರೆಗೆ ಸಮಯವಿದೆ.

ಆಗಸ್ಟ್ ೧೫, ಶನಿವಾರ

ಅಪ್ಪನ ಸಮಾಧಿ ತೊಳೆದು ಬಂದೆವು. ಫುಸಾ ದಾರಿಯುದ್ದಕ್ಕೂ ಕೇಳಿದ್ದು ಒಂದೇ: "ಫೋನ್ ಮಾಡಿದ್ರಾ?" ಖಾಲಿ ಬಕೆಟ್ಟನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ಮುಂದೆ ನಡೆದೆ.

ಆಗಸ್ಟ್ ೧೮, ಮಂಗಳವಾರ

ಪ್ರದರ್ಶನಾಲಯಕ್ಕೆ ಹೋದೆ. ನಗುಮೊ ಗಾಜಿನ ಪೆಟ್ಟಿಗೆ ಒರೆಸುತ್ತಿದ್ದರು. ಬಾಗಿ ಕ್ಷಮೆ ಕೇಳಿದೆ. ಆಮೇಲೆ ಪಾಸ್‌ವರ್ಡಿನ ವಿಷಯ ಹೇಳಿದೆ, ಬಾಗಿಲು ಮುಚ್ಚಿಕೊಂಡು.

"ಯಾವತ್ತು ಇಟ್ರಿ?"

"ಹೋದ ಬುಧವಾರ."

ಬಟ್ಟೆಯನ್ನು ಮಡಚಿ ಪಕ್ಕಕ್ಕಿಟ್ಟರು. "ಸಕಾಕಿ ಸೆನ್ಸೇ ಸೆಪ್ಟೆಂಬರ್‌ವರೆಗೆ ಕಾಯದೆ ನಿನ್ನೆ ಬೆಳಿಗ್ಗೇನೇ ಕೈಪಿಡಿನ ಅಚ್ಚಿಗೆ ಕಳಿಸಿದ್ರು. ಅರ್ಧಕ್ಕೆ ಹೆಸರು ಇದ್ದು ಇನ್ನರ್ಧಕ್ಕೆ ಇಲ್ಲದಿದ್ರೆ ಚೆನ್ನಾಗಿರಲ್ಲ ಅಂತ ಇದ್ದವನ್ನೂ ತೆಗೆದ್ರು. ಅದೂ ನ್ಯಾಯಾನೇ ಬಿಡಿ." ನನ್ನ ಮುಖ ನೋಡಲಿಲ್ಲ. "ನಾನು ಊರಲ್ಲಿ ಗುರುವಾರದಿಂದ ಸುಮ್ಮನೆ ಕೂತಿದ್ದೆ, ಉತ್ಸುಮಿ-ಸಾನ್. ಫೋನಿನ ಪಕ್ಕದಲ್ಲೇ. ಅಲ್ಲಿಂದ ಒಂದು ಬಸ್ಸು ಹತ್ತಿದ್ರೆ ಇಲ್ಲಿಗೆ ಬರ್ತಿದ್ದೆ."

ಅಂಗಡಿಗೆ ಸಾಮಾನು ತೆಗೆದುಕೊಳ್ಳಲು ಹೋದವನ ಹಾಗೆ ನಿಂತಿದ್ದು ಬಂದೆ.

ಸೆಪ್ಟೆಂಬರ್ ೩, ಗುರುವಾರ

ಸಕಾಕಿ ಎದುರಾದರು. ತಡೆದುಕೊಳ್ಳಲಾಗದೆ ಕೇಳಿಯೇಬಿಟ್ಟೆ, ನಗುಮೊ ಅವರಿಗೆ ನೀವು ಏಕೆ ಹೇಳಲಿಲ್ಲವೆಂದು. ಅವರು ನಿಜವಾಗಿಯೂ ಬೆರಗಾದರು.

"ನೀವು ಹೇಳಿರ್ತೀರಿ ಅಂದುಕೊಂಡೆ. ಅವರ ಮನಸ್ಸು ನೋಯದ ಹಾಗೆ ಹೇಳೋಕೆ ನಿಮಗೆ ಬರುತ್ತೆ ಅಂತ. ನಿಮ್ಮಿಬ್ಬರದು ಹಳೇ ಸ್ನೇಹ ಅಲ್ವಾ?"

ಅವರ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದರೆ ಆಗಲಿಲ್ಲ. ಕನ್ನಡಿ ನೋಡಿದಂತಾಯಿತು.

ಅಕ್ಟೋಬರ್ ೨೦, ಮಂಗಳವಾರ

ಮಣ್ಣಿನ ವಿಭಾಗದ ಹಳೆಯ ಗುಮಾಸ್ತರ ಹೆಸರು ತೆಗೆಯುವ ಕಾಗದ ಬಂತು. ಮಹಡಿ ಹತ್ತಿ ಹೋಗಿ, ಇವತ್ತು ಸಂಜೆ ನಿಮ್ಮ ಹೆಸರು ತೆಗೆಯುತ್ತೇನೆ, ಅಷ್ಟರೊಳಗೆ ಬೇಕಾದದ್ದನ್ನು ನೋಡಿಕೊಳ್ಳಿ ಅಂದೆ. ಅವರು ಗಾಬರಿಯಿಂದ ಕುರ್ಚಿ ಕೊಟ್ಟರು. ಉತ್ಸುಮಿ ಇಲ್ಲಿಯವರೆಗೆ ಹತ್ತಿ ಬಂದ, ಏನೋ ಕೆಟ್ಟ ಸುದ್ದಿ ಎಂದುಕೊಂಡರಂತೆ. ಮಂಡಿ ನೋವು.

ಡಿಸೆಂಬರ್ ೮, ಮಂಗಳವಾರ

ಕೈಪಿಡಿ ಅಚ್ಚಾಗಿ ಬಂತು. ಒಳ್ಳೆಯ ಕಾಗದ, ಸ್ಪಷ್ಟವಾದ ಚಿತ್ರಗಳು. ತಳಿಗಳ ಕೆಳಗೆ ಸಂಖ್ಯೆಗಳು.

ಪ್ರದರ್ಶನಾಲಯಕ್ಕೂ ಹೊಸ ಗುಂಪು ಮಾಡಬೇಕೆಂದು ನಗುಮೊ ಬಂದಿದ್ದರು. ಅವರ ಎದುರೇ ಮಾಡಿದೆ, ಒಂದೊಂದು ಹೆಜ್ಜೆಯನ್ನೂ ಬಾಯಲ್ಲಿ ಹೇಳುತ್ತಾ. ಮುಗಿದ ಮೇಲೂ ಅವರು ಏಳಲಿಲ್ಲ.

"ಆವತ್ತು ರೇಷ್ಮೆ ಗುಂಪಿಗೆ ಏನು ಪದ ಇಟ್ಟಿದ್ರಿ? ಕೇಳೋದೇ ಮರೆತೆ."

"ಕೊಸುಗೆ."

ಹೆಸರನ್ನು ಪಾಸ್‌ವರ್ಡ್ ಮಾಡಬೇಡಿ ಎಂದು ಕಾಲೇಜಿಗೆಲ್ಲ ಬೈಯುವವನು ನಾನೇ. ಅದು ಅವರಿಗೂ ನೆನಪಾಗಿರಬೇಕು.

"ಈಗ್ಲೂ ಇದೆಯಾ?"

"ತೆಗೆಯೋಕೆ ಮನಸ್ಸು ಬರಲಿಲ್ಲ."

"ಹಾಗಾದ್ರೆ ತೊಮಿ ಅಜ್ಜಿ ಮನೆ ಹೆಸರು ಒಂದು ಕಡೆ ಆದ್ರೂ ಒಳಗೆ ಹೋಗಿದೆ."

"ಹೋಗಿದೆ. ಆದ್ರೆ ಯಂತ್ರ ಪಾಸ್‌ವರ್ಡನ್ನ ಅರೆದು ಪುಡಿ ಮಾಡಿ ಇಡುತ್ತೆ. ಅಲ್ಲಿಂದ ಮತ್ತೆ ಹೆಸರು ಓದೋಕೆ ಯಾರಿಗೂ ಬರಲ್ಲ. ನನಗೂ ಬರಲ್ಲ."

ನಗುಮೊ ತಲೆಯಾಡಿಸಿದರು. ಭಾನುವಾರ ಅಜ್ಜಿಗೆ ಪುಸ್ತಕ ಕೊಡಲು ಹೋಗಬೇಕಂತೆ, ಏನು ಹೇಳುವುದೋ ತಿಳಿಯುತ್ತಿಲ್ಲವಂತೆ. ನಾನೂ ಬರುತ್ತೇನೆ, ನಾನೇ ಹೇಳುತ್ತೇನೆ ಅಂದೆ. ಬೇಡ ಅನ್ನಲಿಲ್ಲ.

ಡಿಸೆಂಬರ್ ೧೩, ಭಾನುವಾರ

ಮೇಲಿನ ಹಳ್ಳಿಯಲ್ಲಿ ಹಿಮ ಬಿದ್ದಿತ್ತು. ತೊಮಿ ಅಜ್ಜಿ ಅಡಿಯಲ್ಲಿ ಹೀಟರ್ ಇರುವ ಗಿಡ್ಡ ಮೇಜಿನ ಹೊದಿಕೆಯೊಳಗೆ ಕಾಲಿಟ್ಟುಕೊಂಡು ಕೂತಿದ್ದರು. ನಮಗೂ ಜಾಗ ಮಾಡಿ, ಸೊಪ್ಪಿನ ಉಪ್ಪಿನಕಾಯಿ ಮುಂದಿಟ್ಟರು. ಪುಸ್ತಕವನ್ನು ಹಣೆಗೆ ಒತ್ತಿಕೊಂಡು, ಕನ್ನಡಕ ಹುಡುಕಿ ಹಾಕಿಕೊಂಡು, "ನಂದು ಯಾವುದು?" ಅಂದರು. ನಗುಮೊ ಪುಟ ತೆಗೆದು ಹಳದಿ ಗೂಡಿನ ಚಿತ್ರ ತೋರಿಸಿದರು. ಅಜ್ಜಿಯ ಬೆರಳು ಅದರ ಕೆಳಗೆ ಹುಡುಕುತ್ತಾ ಹೋಯಿತು.

ನಾನು ಹೇಳಿದೆ. ಅವರಿಗೆ ಕಿವಿ ಕೇಳಿಸದೆಂದು ನನಗೆ ಗೊತ್ತಿರಲಿಲ್ಲ. ಅಂಗೈಯನ್ನು ಕಿವಿಗೆ ಹಿಡಿದು "ಏನಪ್ಪ?" ಅಂದರು. ಮತ್ತೆ ಹೇಳಿದೆ, ಮತ್ತೆ "ಏನಪ್ಪ?" ಕೊನೆಗೆ ಕೂಗಿದೆ. "ಇವರ ಹೆಸರು ತೆಗೆದವನು ನಾನು. ತೆಗೆದೆ ಅಂತ ಇವರಿಗೆ ಹೇಳಲಿಲ್ಲ. ಅದಕ್ಕೇ ನಿಮ್ಮ ಹೆಸರು ಬರಲಿಲ್ಲ." ಜನ್ಮದಲ್ಲಿ ಅಷ್ಟು ಜೋರಾಗಿ ಮಾತಾಡಿರಲಿಲ್ಲ. ಪಕ್ಕದ ಮನೆಯ ಕಿಟಕಿ ಸರಿದ ಸದ್ದಾಯಿತು.

ಅಜ್ಜಿಗೆ ಈ ಸಲ ಕೇಳಿಸಿತು. ಪುಸ್ತಕ ಮುಚ್ಚಿ ಅದರ ಮೇಲೆ ಕೈಯಿಟ್ಟುಕೊಂಡರು. ನನ್ನನ್ನು ಬೈಯಲಿಲ್ಲ.

"ಬರುತ್ತೆ ಅಂತ ಕೇರಿಗೆಲ್ಲ ಹೇಳ್ಬಿಟ್ಟಿದ್ದೆನಲ್ಲಪ್ಪ," ಅಂದರು.

ಆಮೇಲೆ ನಮ್ಮಿಬ್ಬರ ಲೋಟಕ್ಕೂ ಟೀ ಬಗ್ಗಿಸಿದರು.